ಮಂಡಿ ಬಗ್ಗುವ ತನಕ

ದ್ಯಾವಮ್ಮನ ಮಂಡಿ ದಿನದಿಂದ ದಿನಕ್ಕೆ ಸಲೀಸಾಗಿ ಬಗ್ಗುತ್ತಿತ್ತು. ಅದನ್ನು ಕಂಡು ಕಡೂರಿನ ಆ ಮನೆಯಲ್ಲಿ ಒಬ್ಬೊಬ್ಬರಿಗೂ ಎದೆ ಹೊಡೆದುಕೊಳ್ಳುತ್ತಿತ್ತು.

ಆಕೆ ನಡೆಯುವಂತಾದ ಮೇಲೆ ಆಕೆಗೆ ಒಂದು ಮಾತು ಹೇಳಬೇಕಿತ್ತು. ಒಬ್ಬನೇ ಮಗ ಚಂದ್ರಕುಮಾರ್ ಸತ್ತುಹೋಗಿದ್ದಾನೆ ಎಂಬ ಮಾತು. ಯಾರು ಹೇಳಬೇಕು ಎಂಬುದು ತೀರ್ಮಾನವಾಗಿರಲಿಲ್ಲ. ಅಲ್ಲಿಯವರೆಗೆ ಹೇಳಕೂಡದು ಎಂಬುದಷ್ಟೇ ತೀರ್ಮಾನವಾಗಿತ್ತು. ತೀರ್ಮಾನಿಸಿದವರು ದ್ಯಾವಮ್ಮನ ತಮ್ಮ ರಂಗಪ್ಪ, ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಪಾಲಿಸಬೇಕಾದವಳು ಸೊಸೆ ಕೋಮಲಾ, ಚಂದ್ರಕುಮಾರನ ಹೆಂಡತಿ.

ಅಜ್ಜಂಪುರದ ಮನೆಯಿಂದ ಹಾಲಿನ ಡೈರಿಗೆ ಹೋಗಿಬರುವುದೇ ದ್ಯಾವಮ್ಮನಿಗೆ ಯಾತ್ರೆಯಂತಾಗಿ ವರ್ಷಗಳು ಕಳೆದಿದ್ದವು. ಬಲಮಂಡಿ ಪೂರ್ತಿ ಸವೆದಿತ್ತು. ಮಗ ಹಠ ಹಿಡಿದು ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ದ. ಹಿಂದಿನ ಹಾಗೆ ಉದ್ದಕ್ಕೆ ಕೊಯ್ಯುವುದಿಲ್ಲ, ಸಣ್ಣ ಗಾಯದಲ್ಲೇ ಹೊಸ ಕೀಲು ಕೂರಿಸುತ್ತೇವೆ, ತೊಡೆಯ ಸ್ನಾಯು ಕತ್ತರಿಸದೆ ಪಕ್ಕಕ್ಕೆ ಸರಿಸಿ ಕೆಲಸ ಮಾಡುತ್ತೇವೆ, ಮರುದಿನವೇ ನಿಲ್ಲಿಸುತ್ತೇವೆ ಎಂದು ಡಾಕ್ಟರು ಹೇಳಿದ್ದರು. ಹೇಳಿದಂತೆ ನಿಲ್ಲಿಸಿಯೂಬಿಟ್ಟರು. ವಾಕರ್ ಹಿಡಿದು ಎದ್ದು ನಿಂತ ತಾಯಿಯನ್ನು ಚಂದ್ರಕುಮಾರ್ ಮೊಬೈಲಿನಲ್ಲಿ ವಿಡಿಯೋ ತೆಗೆದ.

"ಲೇ, ಈ ಆಸ್ಪತ್ರೆ ಅಂಗೀಲಿ ತೆಗೀಬೇಡ ಕಣೋ. ಊರಿಗೆಲ್ಲ ತೋರಿಸ್ಕೊಂಡು ತಿರುಗ್ತೀಯ" ಎಂದು ದ್ಯಾವಮ್ಮ ಬೈದಳು.

"ತೋರಿಸೋಕೇ ತೆಗೀತಿರೋದು" ಎಂದು ಅವನು ನಕ್ಕ. ಅವನದು ಅಜ್ಜಂಪುರದಲ್ಲಿ ಶಾಮಿಯಾನ, ಮೈಕ್‌ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಒಂದು ಮದುವೆಗೆ ಚಪ್ಪರ ಹಾಕಿಸಿ ಸಂಜೆಗೆ ಬರುತ್ತೇನೆಂದು ಬೈಕ್ ಹತ್ತಿದ. ತರೀಕೆರೆಯಲ್ಲಿ ಅಜ್ಜಂಪುರದ ರಸ್ತೆಗೆ ತಿರುಗಿ ಸ್ವಲ್ಪ ದೂರ ಹೋಗಿದ್ದನಷ್ಟೆ. ಎದುರಿನಿಂದ ಲಾರಿ ಬಂತು.

ಫೋನ್ ಬಂದಾಗ ಕೋಮಲಾ ಅತ್ತೆಯ ಬೆಡ್‌ಪ್ಯಾನ್ ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸದೆ ಮಾತು ಕೇಳಿದಳು. ಕೇಳಿ, ತೊಳೆಯುವುದನ್ನು ಮುಗಿಸಿ, ಒರೆಸಿ, ಮಂಚದ ಕೆಳಗೆ ಅದರ ಜಾಗದಲ್ಲಿಟ್ಟಳು. ಆಮೇಲೆ ಹೊರಗೆ ಬಂದು ಗೋಡೆ ಹಿಡಿದುಕೊಂಡಳು.

ರಂಗಪ್ಪ ಬಂದರು. ಡ್ಯೂಟಿ ಡಾಕ್ಟರು ಒಂದೆರಡು ದಿನ ತಡೆದು ಹೇಳಿ ಎಂದಿದ್ದರು. ರಂಗಪ್ಪ ಅದನ್ನು ಹಿಗ್ಗಿಸಿದರು. "ಅಕ್ಕನಿಗೆ ಬಿಪಿ ಐತೆ, ಶುಗರ್ ಐತೆ. ನಿನ್ನೆ ಕೊಯ್ದಿರೋ ಕಾಲು. ಈಗ ಹೇಳಿದ್ರೆ ಇನ್ನೊಂದು ಹೆಣ ಹೊರಬೇಕಾಗ್ತದೆ. ಕಾಲು ಊರಿ ನಡೆಯೋ ತನಕ ಯಾರೂ ಬಾಯಿ ಬಿಡಬೇಡಿ." ಹೆಂಡತಿ ಯಲ್ಲಮ್ಮನ ಅಕ್ಕನಿಗೆ ಎಷ್ಟೋ ವರ್ಷದ ಹಿಂದೆ ಇದೇ ಆಪರೇಷನ್ ಆಗಿತ್ತು. ಆಕೆ ಮೂರು ತಿಂಗಳು ಹಾಸಿಗೆ ಬಿಟ್ಟಿರಲಿಲ್ಲ. ರಂಗಪ್ಪನವರ ಲೆಕ್ಕವೆಲ್ಲ ಆ ಮೂರು ತಿಂಗಳ ಮೇಲೆ ನಿಂತಿತ್ತು.

ಮರುದಿನ ಯಲ್ಲಮ್ಮ ಆಸ್ಪತ್ರೆಯಲ್ಲಿ ಕೂತರು. ಮನೆಯಿಂದ ಬಟ್ಟೆ ತರಲು ಹೋಗುತ್ತಿದ್ದಾಳೆಂದು ಅಕ್ಕನಿಗೆ ಹೇಳಿ ರಂಗಪ್ಪ ಕೋಮಲಾಳನ್ನು ಅಜ್ಜಂಪುರಕ್ಕೆ ಕರೆದೊಯ್ದರು. ಗಂಡನ ಮುಖವನ್ನು ಕುತ್ತಿಗೆಯವರೆಗೆ ಮಾತ್ರ ತೋರಿಸಿದರು. ಬಳೆ ಒಡೆಯಲು ಮುಂದೆ ಬಂದ ಹೆಂಗಸರನ್ನು ರಂಗಪ್ಪ ಕೈಯಡ್ಡ ಹಿಡಿದು ತಡೆದರು. "ಅದೆಲ್ಲ ಆಮೇಲೆ. ಸಂಜೆ ಅಕ್ಕನ ಮುಂದೆ ನಿಲ್ಲಬೇಕು ಇವಳು." ಸಂಜೆ ಆಸ್ಪತ್ರೆಯ ನಲ್ಲಿಯಲ್ಲಿ ಮುಖ ತೊಳೆದು, ಕುಂಕುಮ ಇಟ್ಟುಕೊಂಡು ಕೋಮಲಾ ವಾರ್ಡಿನೊಳಗೆ ಹೋದಳು.

ದ್ಯಾವಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿ, "ಬಟ್ಟೆ ತತ್ತೀನಿ ಅಂತ ಹೋದವ್ಳು ಬರಿಗೈಲಿ ಬಂದಿದ್ಯಲ್ಲೇ. ಯಾವ ಲೋಕದಲ್ಲಿದ್ದೀಯ?" ಎಂದಳು.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಅಜ್ಜಂಪುರಕ್ಕೆ ಕರೆದೊಯ್ಯುವಂತಿರಲಿಲ್ಲ. ವ್ಯಾಯಾಮ ಮಾಡಿಸುವವರು ಕಡೂರಿನಲ್ಲೇ ಇದ್ದಾರೆ ಎಂಬ ನೆಪ ಹೇಳಿ ರಂಗಪ್ಪ ಅಕ್ಕನನ್ನು ತಮ್ಮ ಮನೆಗೆ ಕರೆತಂದರು. ಆಕೆಯ ಫೋನನ್ನು ರಿಪೇರಿಗೆ ಕೊಟ್ಟಿದ್ದೇನೆಂದು ಎತ್ತಿಟ್ಟರು. ನೋಡಲು ಬಂದ ನೆಂಟರನ್ನು ಗೇಟಿನಲ್ಲೇ ನಿಲ್ಲಿಸಿ ಪಾಠ ಹೇಳಿಕೊಟ್ಟು ಒಳಗೆ ಬಿಡುತ್ತಿದ್ದರು. ಚಂದ್ರು ಗೋವಾದಲ್ಲಿದ್ದಾನೆ, ದೊಡ್ಡ ಮೈಕ್‌ಸೆಟ್ ಕಂಟ್ರಾಕ್ಟು, ಅಲ್ಲಿ ಸಿಗ್ನಲ್ ಸಿಗುವುದಿಲ್ಲ. ಇದು ಪಾಠ.

ಫಿಸಿಯೋಥೆರಪಿ ಕಲಿತ ಬೃಂದಾ ಎಂಬ ಹುಡುಗಿ ಬೆಳಿಗ್ಗೆ ಸ್ಕೂಟಿಯಲ್ಲಿ ಬಂದು ವ್ಯಾಯಾಮ ಮಾಡಿಸಿ ಹೋಗುತ್ತಿದ್ದಳು. ಉಳಿದ ಹೊತ್ತು ಕೋಮಲಾ ಮಾಡಿಸಬೇಕು. ಮಂಡಿಯ ಕೆಳಗೆ ದಿಂಬು ಇಡಬಾರದು, ಹಿಮ್ಮಡಿಯ ಕೆಳಗೆ ಟವೆಲ್ ಸುತ್ತಿ ಇಡಬೇಕು. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತ ಹಿಂದಕ್ಕೆ ಎಳೆದುಕೊಳ್ಳಬೇಕು. ಮಂಚದ ಅಂಚಿನಲ್ಲಿ ಕೂರಿಸಿ ಕಾಲನ್ನು ಮೆಲ್ಲಗೆ ಒಳಕ್ಕೆ ಒತ್ತಬೇಕು. ನೋವಾಗುತ್ತದೆ, ಆದರೆ ನಿಲ್ಲಿಸಬಾರದು.

ಯಲ್ಲಮ್ಮನಿಗೆ ಇದೊಂದೂ ಹಿಡಿಸಲಿಲ್ಲ. ಅವರು ಅತ್ತಿಗೆಯನ್ನು ಬಾಣಂತಿಯಂತೆ ನೋಡಿಕೊಳ್ಳುತ್ತಿದ್ದರು. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಊಟಕ್ಕೆ ಮೆಣಸಿನ ಸಾರು. ಬೃಂದಾ ಮಂಡಿಗೆ ಐಸ್ ಇಟ್ಟಾಗ ಅವರು ಬಾಯಿಗೆ ಸೆರಗು ಅಡ್ಡ ಹಿಡಿದು, "ಹಸಿ ಮೈಗೆ ಯಾರಾದ್ರೂ ಮಂಜುಗಡ್ಡೆ ಇಕ್ತಾರಾ?" ಎಂದರು.

"ಸುಮ್ಕಿರೇ ಯಲ್ಲಿ, ನಾನೇನ್ ಮಗು ಹೆತ್ತಿದೀನಾ? ಹೆತ್ತಿರೋದು ಒಂದೇ. ಅದೂ ಗೋವಾದಲ್ಲಿ ಐಸ್ ತಿಂತಾ ಕೂತೈತೆ" ಎಂದಳು ದ್ಯಾವಮ್ಮ.

ಬೃಂದಾ ನಕ್ಕಳು. ಯಲ್ಲಮ್ಮ ಒಳಗೆ ಹೋದರು. ಕೋಮಲಾ ಐಸಿನ ಚೀಲ ಸರಿಯದಂತೆ ಹಿಡಿದು ಕೂತಿದ್ದಳು. ಬೆರಳುಗಳು ಮರಗಟ್ಟಿದ್ದು ಅವಳಿಗೆ ತಿಳಿಯಲಿಲ್ಲ. ಬೃಂದಾಳೇ ನೋಡಿ ಚೀಲ ತೆಗೆದಿಟ್ಟಳು.

ಕೋಮಲಾ ಅತ್ತಿರಲಿಲ್ಲ. ಅಳುವುದನ್ನು ತಡೆದುಕೊಂಡಿದ್ದಾಳೆ ಎಂದು ಎಲ್ಲರೂ ಮೆಚ್ಚಿದರು. ತಡೆಯುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಓದುವಾಗ ಶೋಕದ ಬಗ್ಗೆ ಪುಟಗಟ್ಟಲೆ ಬರೆದು ಒಳ್ಳೆಯ ಅಂಕ ತೆಗೆದಿದ್ದಳು. ಈಗ ಗಂಡ ಸತ್ತ ಎಂಬ ವಾಕ್ಯವನ್ನು ಅವಳ ಬಾಯಿ ಒಮ್ಮೆಯೂ ಆಡಿರಲಿಲ್ಲ. ಬೇರೆಯವರು ಆಡಿದ್ದನ್ನು ಕೇಳಿದ್ದಳು, ಅದೂ ಪಿಸುಮಾತಿನಲ್ಲಿ. ಹೊರಗೆ ಬೈಕ್ ನಿಂತ ಸದ್ದಾದರೆ ಕೈಲಿದ್ದ ಕೆಲಸ ಬಿಟ್ಟು ಏಳುತ್ತಿದ್ದಳು. ಎದ್ದ ಮೇಲೆ ಯಾಕೆ ಎದ್ದೆ ಎಂದು ನೆನಪಾಗುತ್ತಿತ್ತು.

ಅಜ್ಜಂಪುರದಲ್ಲಿ ಹನ್ನೊಂದರ ಕಾರ್ಯ ನಡೆದ ದಿನ ಕಡೂರಿನ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಎಲ್ಲರೂ ಯಾವುದೋ ಗೃಹಪ್ರವೇಶಕ್ಕೆ ಹೋಗಿದ್ದಾರೆಂದು ದ್ಯಾವಮ್ಮನಿಗೆ ಹೇಳಿದ್ದರು. ಆ ಬೆಳಿಗ್ಗೆ ಕೋಮಲಾ ಸ್ನಾನ ಮಾಡಿ, ಕುಂಕುಮ ಮರೆತು ಬಂದಳು.

"ಬರೀ ಹಣೇಲಿ ನನ್ನ ಕಣ್ಮುಂದೆ ಬರಬೇಡ ಕಣೇ" ಎಂದಳು ದ್ಯಾವಮ್ಮ. "ಗಂಡ ಇರೋಳು. ಅವನು ಬೇಜವಾಬ್ದಾರಿ ನನ್ಮಗನೇ ಇರ್ಲಿ, ನೀನ್ಯಾಕೆ ಬಿಡ್ತೀಯ? ಬಾ ಇಲ್ಲಿ." ಅವಳನ್ನು ಹತ್ತಿರ ಕರೆದು, ಡಬ್ಬಿ ತರಿಸಿ, ತಾನೇ ಹೆಬ್ಬೆರಳಿನಿಂದ ಅಗಲವಾಗಿ ಇಟ್ಟಳು. ಇಟ್ಟ ಮೇಲೆ ಸ್ವಲ್ಪ ಹಿಂದೆ ಸರಿದು ನೋಡಿ, "ಈಗ ಲಕ್ಷಣವಾಗಿ ಕಾಣ್ತೀಯ" ಎಂದಳು.

ಕೋಮಲಾ ಅತ್ತೆಯ ಹಿಮ್ಮಡಿಯ ಕೆಳಗೆ ಟವೆಲ್ ಸುತ್ತಿ ಇಟ್ಟು ವ್ಯಾಯಾಮ ಶುರು ಮಾಡಿದಳು.

ದಿನ ಕಳೆದಂತೆ ದ್ಯಾವಮ್ಮನ ಸಿಟ್ಟು ಏರಿತು. ಗಾಯ ಒಣಗಿತು. ವಾಕರ್ ಹಿಡಿದು ಪಡಸಾಲೆಯಲ್ಲಿ ಓಡಾಡಿದಳು. ಮಗನ ಫೋನು ಮಾತ್ರ ಬರಲಿಲ್ಲ. "ಹೆತ್ತವ್ಳ ಕಾಲು ಕೊಯ್ದವ್ರೆ, ಬದುಕಿದ್ಯಾ ಸತ್ತ್ಯಾ ಅಂತ ಒಂದು ಮಾತು ಕೇಳಬಾರ್ದಾ? ಬರ್ಲಿ ಅವನು. ಈ ಹೊಸ ಕಾಲಲ್ಲೇ ಮೊದಲು ಒದೀತೀನಿ. ಅದಕ್ಕೇ ಬಗ್ಗಿಸ್ತಿರೋದು. ಒತ್ತೇ, ಇನ್ನೂ ಜೋರಾಗಿ ಒತ್ತು."

ಕೋಮಲಾ ಒತ್ತಿದಳು. ಕಾಲು ಒಂದಿಷ್ಟು ಒಳಕ್ಕೆ ಸರಿದರೆ ಆ ಮಾತು ಅಷ್ಟೇ ಹತ್ತಿರ ಬರುತ್ತಿತ್ತು. ತನ್ನ ಕೈಯಾರೆ ಅದನ್ನು ಹತ್ತಿರ ಎಳೆದುಕೊಳ್ಳುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು. ಆದರೂ ಒತ್ತಿದಳು.

ಒಂದು ದಿನ ಮನಸ್ಸು ಕೆಟ್ಟು ದ್ಯಾವಮ್ಮ, "ಹಾಳಾಗಿ ಹೋಗ್ಲಿ, ಅವನು ಇದ್ರೂ ಒಂದೇ, ಇಲ್ದಿದ್ರೂ ಒಂದೇ" ಎಂದುಬಿಟ್ಟಳು. ಅಡುಗೆಮನೆಯಲ್ಲಿ ಯಲ್ಲಮ್ಮನ ಕೈಯಿಂದ ಪಾತ್ರೆ ಬಿತ್ತು. ಕೋಮಲಾ ಅತ್ತೆಯ ಬಾಯನ್ನು ತನ್ನ ಅಂಗೈಯಿಂದ ಮುಚ್ಚಿದಳು. ಮದುವೆಯಾಗಿ ಬಂದ ಮೇಲೆ ಅವಳು ಅತ್ತೆಯ ಮುಖ ಮುಟ್ಟಿದ್ದು ಅದೇ ಮೊದಲು. ದ್ಯಾವಮ್ಮ ಕಣ್ಣರಳಿಸಿ ನೋಡಿ, ಆಮೇಲೆ ನಕ್ಕಳು. "ಗಂಡನ್ನ ಬೈದ್ರೆ ಎಷ್ಟು ಕೋಪ ನೋಡು ಇವಳಿಗೆ."

ರಂಗಪ್ಪನವರಿಗೆ ನಿದ್ದೆ ಹಾರಿತು. ಮೂರು ತಿಂಗಳ ಲೆಕ್ಕ ಅರ್ಧವೂ ತುಂಬಿರಲಿಲ್ಲ, ಅಕ್ಕ ಆಗಲೇ ಬಚ್ಚಲಿಗೆ ಒಬ್ಬಳೇ ಹೋಗುತ್ತಿದ್ದಳು. ಅವರು ಬೃಂದಾಳನ್ನು ಗೇಟಿನ ಹತ್ತಿರ ನಿಲ್ಲಿಸಿದರು. "ಮೇಡಂ, ಸ್ವಲ್ಪ ನಿಧಾನ ಮಾಡಿ. ಇಷ್ಟು ಬೇಗ ಯಾಕೆ?"

"ಸರ್, ಎಲ್ರೂ ಬೇಗ ಮಾಡಿ ಅಂತಾರೆ. ನೀವೊಬ್ರೇ ಹಿಂಗೆ ಅಂತಿರೋದು" ಎಂದಳು ಬೃಂದಾ. ಅವಳಿಗೆ ವಿಷಯ ಗೊತ್ತಿರಲಿಲ್ಲ. "ಈಗ ನಿಲ್ಲಿಸಿದ್ರೆ ಕೀಲು ಗಟ್ಟಿಯಾಗಿಬಿಡುತ್ತೆ. ಆಮೇಲೆ ಮತ್ತೆ ಅರಿವಳಿಕೆ ಕೊಟ್ಟು ಬಗ್ಗಿಸಬೇಕಾಗುತ್ತೆ."

ಆ ಮಾತು ಕೇಳಿಸಿಕೊಂಡ ಕೋಮಲಾ ಅಂದು ರಂಗಪ್ಪನವರ ಮುಂದೆ ಬಂದು ನಿಂತಳು. "ಮಾವ, ಯಾವಾಗ ಹೇಳ್ತೀರ?"

"ಹೇಳ್ತೀನಮ್ಮ. ಡಾಕ್ಟರು ಕರೆದಿರೋ ದಿನ ಶಿವಮೊಗ್ಗಕ್ಕೆ ಹೋಗಿ ತೋರಿಸ್ಕೊಂಡು, ಬರ್ತಾ ಕಾರಲ್ಲಿ ನಾನೇ ಹೇಳ್ತೀನಿ. ನಿನಗ್ಯಾಕೆ ಆ ಭಾರ?"

ಆ ದಿನ ಬಂತು. ಅಜ್ಜಂಪುರದಿಂದ ಕಲ್ಲೇಶ್ ಕಾರು ತಂದ. ಚಂದ್ರಕುಮಾರನ ಗೆಳೆಯ, ಬಾಡಿಗೆ ಕಾರು ಓಡಿಸುವವನು. ದ್ಯಾವಮ್ಮ ಹಸಿರು ರೇಷ್ಮೆ ಸೀರೆ ಉಟ್ಟು ಕೂತಿದ್ದಳು. ಹೊರಡುವ ಹೊತ್ತಿಗೆ ರಂಗಪ್ಪ ತಲೆಗೆ ಟವೆಲ್ ಕಟ್ಟಿಕೊಂಡು ಮಲಗಿದ್ದರು. ತಲೆ ತಿರುಗುತ್ತಿದೆ ಎಂದರು. ಕೋಮಲಾಳ ಮುಖ ನೋಡಲಿಲ್ಲ.

ಶಿವಮೊಗ್ಗದಲ್ಲಿ ಡಾಕ್ಟರು ಎಕ್ಸ್‌ರೇ ನೋಡಿ, ಮಂಡಿ ಬಗ್ಗಿಸಿ, ಚಾಚಿಸಿ, ನಡೆಸಿ ನೋಡಿದರು. ಇಷ್ಟು ಚೆನ್ನಾಗಿ ಸುಧಾರಿಸಿದವರನ್ನು ಈಚೆಗೆ ನೋಡಿರಲಿಲ್ಲವೆಂದು ಹೊಗಳಿ, "ಯಾರಮ್ಮ ವ್ಯಾಯಾಮ ಮಾಡಿಸಿದ್ದು?" ಎಂದು ಕೇಳಿದರು. ದ್ಯಾವಮ್ಮ ಸೊಸೆಯನ್ನು ಮುಂದಕ್ಕೆ ನೂಕಿದಳು. "ಇವಳು ಡಾಕ್ಟ್ರೆ. ಎಮ್ಮೆ ಓದವ್ಳೆ. ಮಾತು ಕಮ್ಮಿ, ಕೈ ಮಾತ್ರ ಕಬ್ಬಿಣ."

ಹಿಂತಿರುಗುವಾಗ ತರೀಕೆರೆ ಸೇರುತ್ತಿದ್ದಂತೆ ದ್ಯಾವಮ್ಮ ಮುಂದಕ್ಕೆ ಬಾಗಿ ಕಲ್ಲೇಶನ ಭುಜ ತಟ್ಟಿದಳು. "ಕಡೂರಿಗೆ ಬೇಡ. ಅಜ್ಜಂಪುರಕ್ಕೆ ತಿರುಗ್ಸು."

ಕಲ್ಲೇಶ್ ಕಾರಿನ ವೇಗ ಇಳಿಸಿದ. "ಅವ್ವ, ರಂಗಪ್ಪೋರು ಕಾಯ್ತಿರ್ತಾರೆ."

"ಕಾಯ್ಲಿ. ನನ್ನ ಮನೆ ನಾನು ನೋಡಬಾರ್ದಾ? ಕಸ ಗುಡಿಸಿ ಎಷ್ಟು ದಿನ ಆಯ್ತೋ. ಡಾಕ್ಟ್ರೇ ನಡೀರಿ ಅಂದವ್ರೆ, ನೀನ್ಯಾವನೋ ಬೇಡ ಅನ್ನೋಕೆ?"

ಕಲ್ಲೇಶ್ ಕನ್ನಡಿಯಲ್ಲಿ ಕೋಮಲಾಳನ್ನು ನೋಡಿದ. ಬೇಡ ಎನ್ನಲು ಅವಳಿಗೆ ಅವಕಾಶವಿತ್ತು. ಇನ್ನೊಂದು ನೆಪ, ಇನ್ನೊಂದು ವಾರ. ಅವಳು ಆ ಕನ್ನಡಿಯಲ್ಲಿ ತನ್ನ ಹಣೆಯನ್ನೂ ಕಂಡಳು.

"ತಿರುಗ್ಸಿ ಕಲ್ಲೇಶಣ್ಣ" ಎಂದಳು.

ದಾರಿಯಲ್ಲೇ ಹೇಳಿಬಿಡಬೇಕು ಎಂದುಕೊಂಡಳು. ಊರು ದಾಟಲಿ, ಹೇಳುತ್ತೇನೆ. ಆ ಸೇತುವೆ ಬರಲಿ. ಈ ಬಸ್ಸು ಮುಂದೆ ಹೋಗಲಿ. ದ್ಯಾವಮ್ಮ ಕಿಟಕಿಯಾಚೆ ನೋಡುತ್ತ ಒಂದೇ ಸಮನೆ ಮಾತಾಡುತ್ತಿದ್ದಳು: ಯಾರ ತೋಟದಲ್ಲಿ ಎಷ್ಟು ತೆಂಗು ಒಣಗಿದೆ, ಯಾರ ಕೊಳವೆಬಾವಿಯಲ್ಲಿ ನೀರು ಬಂದಿದೆ. ಒಂದು ತಿರುವಿನಲ್ಲಿ, ಮುಂದೆ ಯಾವ ವಾಹನವೂ ಇಲ್ಲದಿದ್ದರೂ, ಕಲ್ಲೇಶ್ ಕಾರನ್ನು ತೀರ ನಿಧಾನ ಮಾಡಿದ. ಅವನ ಬಲಗೈ ತಾನಾಗಿ ಎದೆಯ ಹತ್ತಿರ ಹೋಗಿ ಇಳಿಯಿತು. ಇಲ್ಲೇ ಎಂದು ಕೋಮಲಾಳಿಗೆ ಅರ್ಥವಾಯಿತು. ಅವಳು ಕತ್ತು ತಿರುಗಿಸಿದಳು. ರಸ್ತೆ ಬದಿಯಲ್ಲಿ ಒಂದು ಹುಣಸೆ ಮರ, ಅದರ ಕೆಳಗೆ ಮೇಯುತ್ತಿದ್ದ ಎರಡು ಹಸು. ಬೇರೇನೂ ಇರಲಿಲ್ಲ. ಮರ ಹಿಂದಾಗುವವರೆಗೂ ಅವಳು ಅತ್ತಲೇ ನೋಡಿದಳು.

ಅಜ್ಜಂಪುರ ಬಂತು. ಕಲ್ಲೇಶ್, "ಅವ್ವ, ಹಿಂದಿನ ರಸ್ತೇಲಿ ಹೋಗಿ ಮನೆ ಬಾಗಿಲಿಗೇ ಬಿಡ್ತೀನಿ. ಸರ್ಕಲ್ಲಲ್ಲಿ ರಶ್ಶು" ಎಂದ.

"ಕಳ್ಳನ ಹಂಗೆ ಹಿಂದಿನ ದಾರೀಲಿ ಯಾಕೋ ಹೋಗ್ಲಿ? ಕುಂಟ್ಕೊಂಡು ಹೋದವ್ಳು ನೆಟ್ಟಗೆ ನಡ್ಕೊಂಡು ಬಂದವ್ಳೆ. ನಾಲ್ಕು ಜನ ನೋಡ್ಲಿ. ಸರ್ಕಲ್ಲಲ್ಲೇ ಇಳಿಸು." ಆಕೆ ಕಾರು ಪೂರ್ತಿ ನಿಲ್ಲುವ ಮೊದಲೇ ಬಾಗಿಲಿಗೆ ಕೈ ಹಾಕಿದಳು. ಕಲ್ಲೇಶ್ ನಿಲ್ಲಿಸಲೇಬೇಕಾಯಿತು. ವಾಕರ್ ಇಳಿಸಿಕೊಟ್ಟ. ಅವನು ಕೋಮಲಾಳ ಕಿವಿಯಲ್ಲಿ, "ಅಕ್ಕ, ಫ್ಲೆಕ್ಸ್... ನಾವೇ ಹಾಕಿದ್ವಿ. ಇನ್ನೂ ತೆಗ್ದಿಲ್ಲ" ಎಂದ.

ಅವಳಿಗೆ ಅದು ಗೊತ್ತಿರಲಿಲ್ಲ. ತಲೆಯೆತ್ತಿದಳು.

ಬೇಕರಿಯ ಪಕ್ಕದ ಕಂಬಗಳಿಗೆ ಕಟ್ಟಿದ್ದ ದೊಡ್ಡ ಫ್ಲೆಕ್ಸ್‌ನಲ್ಲಿ ಚಂದ್ರಕುಮಾರ್ ನಿಂತಿದ್ದ. ಯಾರದೋ ಮದುವೆಯಲ್ಲಿ ತೆಗೆದ ಫೋಟೋ. ಬಿಳಿ ಅಂಗಿ, ತಲೆಯ ಮೇಲಕ್ಕೆ ಏರಿಸಿದ ಕಪ್ಪು ಕನ್ನಡಕ, ನಗು. ಕೆಳಗಿನ ಅರ್ಧವನ್ನು ಯಾರದೋ ಹುಟ್ಟುಹಬ್ಬದ ಹೊಸ ಫ್ಲೆಕ್ಸ್ ಮುಚ್ಚಿತ್ತು. ಉರಿಯುವ ದೀಪದ ಚಿತ್ರ, ಹುಟ್ಟಿದ ಸತ್ತ ತಾರೀಖುಗಳು ಅದರ ಹಿಂದೆ ಹೋಗಿದ್ದವು. ಮೇಲಿನ ದಪ್ಪಕ್ಷರದ ಸಾಲುಗಳು ಮಾತ್ರ ಕಾಣುತ್ತಿದ್ದವು.

ದ್ಯಾವಮ್ಮನೂ ನೋಡಿದಳು. ವಾಕರ್ ಊರುತ್ತ ಫ್ಲೆಕ್ಸ್‌ನ ಮುಂದೆ ಹೋಗಿ ನಿಂತಳು. ಆಕೆಗೆ ಓದು ಬರುತ್ತಿರಲಿಲ್ಲ.

"ಅಯ್ಯೋ ನನ್ನ ಕಂದ" ಎಂದಳು. ಮುಖ ಅಗಲವಾಯಿತು. "ನೋಡೇ, ಕೋಮ್ಲಿ. ಲೀಡರ್ ಥರ ಹಾಕವ್ರೆ. ಗೋವಾದಿಂದ ಬಂದವ್ನಾ? ಏನಾದ್ರೂ ಗೆದ್ದನಾ? ಬಂದು ಊರೆಲ್ಲ ಮೆರೀತವ್ನೆ, ತಾಯಿ ಹತ್ರ ಬಂದಿಲ್ಲ." ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೈಗುಳದಲ್ಲಿ ಸಿಟ್ಟು ಉಳಿದಿರಲಿಲ್ಲ.

ಬೇಕರಿಯವನು ಟೀ ಸೋಸುವುದನ್ನು ನಿಲ್ಲಿಸಿದ. ಆಟೋದವರು ಇಳಿದು ನಿಂತರು. ಹೂ ಕಟ್ಟುತ್ತಿದ್ದ ಹೆಂಗಸು ದಾರ ಹಿಡಿದ ಕೈಯನ್ನು ಹಾಗೇ ಬಿಟ್ಟಳು. ದ್ಯಾವಮ್ಮ ಎಲ್ಲರತ್ತ ಒಮ್ಮೆ ನೋಡಿದಳು. ತನ್ನ ಕಾಲನ್ನು ನೋಡುತ್ತಿದ್ದಾರೆ ಎಂದುಕೊಂಡಳೇನೋ, ಇನ್ನೂ ನೆಟ್ಟಗಾದಳು.

"ಏನ್ ಬರೆದವ್ರೆ? ಓದೇ" ಎಂದಳು.

ಕೋಮಲಾ ಓದಿದಳು. ತರಗತಿಯಲ್ಲಿ ಎದ್ದು ನಿಂತು ಓದಿದ ಹಾಗೆ, ಏರಿಳಿತವಿಲ್ಲದೆ.

"ಭಾವಪೂರ್ಣ ಶ್ರದ್ಧಾಂಜಲಿ. ನಮ್ಮನ್ನು ಅಗಲಿದ ನಮ್ಮ ಪ್ರೀತಿಯ ಗೆಳೆಯ ಚಂದ್ರಕುಮಾರ್."

"ಹಂಗಂದ್ರೆ?"

"ಅತ್ತೆ, ಅವರು ಹೋಗ್ಬಿಟ್ರು. ಸತ್ತೋದ್ರು."

ಆ ಮಾತನ್ನು ತನ್ನ ದನಿಯಲ್ಲಿ ಕೋಮಲಾ ಕೇಳಿದ್ದು ಅದೇ ಮೊದಲು. ಬೇರೆ ಯಾರೋ ಬಂದು ತನಗೆ ಹೇಳಿದಂತೆ ಅವಳು ಬೆಚ್ಚಿದಳು.

ದ್ಯಾವಮ್ಮ ಫೋಟೋ ನೋಡಿದಳು, ಸೊಸೆಯನ್ನು ನೋಡಿದಳು. "ಇನ್ನೊಂದ್ಸಲ ಓದು. ಸರಿಯಾಗಿ ಓದು."

ಕೋಮಲಾ ಮತ್ತೆ ಓದಿದಳು. ಈ ಸಲ ಗಂಡನ ಹೆಸರಿನ ಹತ್ತಿರ ಬಂದು ಮುಂದಕ್ಕೆ ಹೋಗಲಾಗಲಿಲ್ಲ.

"ಯಾವತ್ತು?"

"ನಿಮ್ಮನ್ನ ಎದ್ದು ನಿಲ್ಲಿಸಿದ್ರಲ್ಲ, ಆವತ್ತು. ವಿಡಿಯೋ ತೆಗೆದು ಹೊರಟ್ರಲ್ಲ."

ಕಲ್ಲೇಶ್ ದ್ಯಾವಮ್ಮನ ಬೆನ್ನ ಹಿಂದೆ ಬಂದು, ಬಿದ್ದರೆ ಹಿಡಿಯಲು ಎರಡೂ ಕೈ ಚಾಚಿ ನಿಂತಿದ್ದ. ಬೇಕರಿಯವನು ಕುರ್ಚಿ ಎತ್ತಿಕೊಂಡು ಓಡಿಬಂದಿದ್ದ. ಆಕೆ ಬೀಳಲಿಲ್ಲ. "ನಾನು ದಿನಾ ಬೈದೆ ಅವನಿಗೆ" ಎಂದಳು. "ನೀನು ಕೇಳ್ಕೊಂಡು ಕೂತಿದ್ಯಲ್ಲೇ. ನನ್ನ ಕಾಲು ಒತ್ಕೊಂಡು... ಹಣೆಗೆ ನಾನೇ ಇಟ್ಟೆ... ಕೋಮ್ಲಿ, ಹೆಂಗೇ ಕೂತಿದ್ದೆ?"

ಕೋಮಲಾ ಉತ್ತರ ಕೊಡಲು ಬಾಯಿ ತೆರೆದಳು. ಮಾತಿನ ಬದಲು ಬೇರೇನೋ ಹೊರಬಂತು. ಆ ಸದ್ದು ಅವಳಿಗೇ ಗುರುತು ಸಿಗಲಿಲ್ಲ. ಎಲ್ಲರೂ ದ್ಯಾವಮ್ಮನ ಸುತ್ತ ಕೈ ಒಡ್ಡಿ ನಿಂತಿದ್ದಾಗ ಬಿದ್ದವಳು ಅವಳು. ರಸ್ತೆಯ ಧೂಳಿನಲ್ಲಿ ಕುಸಿದು, ಸಿಕ್ಕಿದ್ದನ್ನು ತಬ್ಬಿಕೊಂಡಳು. ಸಿಕ್ಕಿದ್ದು ಅತ್ತೆಯ ಬಲಗಾಲು.

ದ್ಯಾವಮ್ಮ ವಾಕರ್ ಬಿಟ್ಟಳು. ಅದು ಪಕ್ಕಕ್ಕೆ ವಾಲಿತು. ಕುರ್ಚಿ ತಂದವನನ್ನು ದೂರ ಸರಿ ಎಂಬಂತೆ ಕೈಬೀಸಿ, ಆಧಾರವಿಲ್ಲದೆ ನಿಂತು, ಎರಡೂ ಕೈಗಳನ್ನು ಸೊಸೆಯ ತಲೆಯ ಮೇಲಿಟ್ಟಳು. ಆಕೆಯ ಕಣ್ಣುಗಳಲ್ಲಿ ನೀರಿರಲಿಲ್ಲ. ಅಳು ಆಕೆಯತ್ತ ಹೊರಟಿತ್ತು, ತಲುಪಿರಲಿಲ್ಲ.

"ನೋಡ್ತಾ ನಿಂತಿದ್ದೀರಲ್ಲ ಎಲ್ರೂ" ಎಂದಳು ಸುತ್ತ ನಿಂತವರಿಗೆ. "ಒಂದು ಚೊಂಬು ನೀರು ತನ್ನಿ ಯಾರಾದ್ರೂ. ಮಗ ಇವತ್ತು ಹೋಗವ್ನೆ ನಮಗೆ."